ಒಂದು ‘ನುಮಿ’ಗಾಗಿ

“ಇನ್ನೊಂದು ಬಕೆಟ್ ನೀರು ಹುಯ್ದ್ರೆ ಅದು ಓಕ್ ಹಿಟ್ಟಾಗಿ ಉಳಿಯಲ್ಲ ಕಣೇ, ಬರೀ ಹೊಳೆ ಮರಳಾಗುತ್ತೆ,” ಎಂದಳು ಹ್ಯಾಟಿ ಚಿಕ್ಕಮ್ಮ, ಮಡಿಸುವ ಕುರ್ಚಿಯಲ್ಲಿ ಒರಗಿಕೊಂಡೇ.

ಲವೀನಾ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಲಾಮತ್ ಹೊಳೆ ಕಡಲು ಸೇರುವ ದಂಡೆಯಲ್ಲಿ, ಮರಳಿನ ಗುಂಡಿಗೆ ಬಟ್ಟೆ ಹಾಸಿ, ಅದರ ಮೇಲೆ ಓಕ್ ಮರದ ಕಾಯಿಯ ಹಿಟ್ಟು ಹರಡಿ, ಬೆಳಗಿನಿಂದ ನೀರು ಸುರಿಯುತ್ತಲೇ ಇದ್ದಳು. ನೀರಿನ ಜೊತೆ ಹಿಟ್ಟಿನ ಕಹಿಯೂ ಇಳಿದು ಮರಳಿನ ಪಾಲಾಗಬೇಕು. ಆಮೇಲೆ ಅಂಬಲಿ.

ಅವಳಿಗೆ ಬೇಕಾಗಿದ್ದು ಅಪ್ಪನ ಬಾಯಿಂದ ಒಂದೇ ಒಂದು ‘ನುಮಿ’. ಆ ಹೊಳೆದಂಡೆಯ ತಮ್ಮ ಯುರೋಕ್ ಜನರ ಮಾತಿನಲ್ಲಿ ಚೆನ್ನಾಗಿದೆ ಅನ್ನುವುದಕ್ಕೆ ನುಮಿ ಸೇರಿದರೆ ಮುಗಿಯಿತು, ಬಹಳ ಚೆನ್ನ, ಸಿಕ್ಕಾಪಟ್ಟೆ ಚೆನ್ನ. ಹ್ಯಾಟಿ ಚಿಕ್ಕಮ್ಮ ಅದನ್ನು ಮಂಡಕ್ಕಿ ಎರಚಿದ ಹಾಗೆ ಎರಚುತ್ತಿದ್ದಳು. ಬಿಸಿಲು ನುಮಿ, ಕಾಫಿ ನುಮಿ, ಪಕ್ಕದ ಮನೆಯವನ ಹೊಸ ಹಲ್ಲಿನ ಸೆಟ್ಟೂ ನುಮಿ! ಅಪ್ಪ ಎಲ್ವುಡ್ ಹಾಗಲ್ಲ. ಸಾಲ್ಮನ್ ಮೀನು ಹೊಳೆ ಏರುವ ಕಾಲದಲ್ಲಿ, ಅಮ್ಮನ ಅಂಬಲಿಯ ಮೊದಲ ಗುಟುಕು ಗಂಟಲಿಗಿಳಿದಾಗ ಮಾತ್ರ ಅವನು ಆ ಪದವನ್ನು ಹೊರಗೆ ತೆಗೆಯುತ್ತಿದ್ದ. “ನೂ... ಮಿ!” ಆ ‘ನೂ’ ಎಷ್ಟು ಉದ್ದ ಅಂದರೆ, ಬಲೆ ಬಿಟ್ಟು ಕೂತವರು ದೋಣಿಯಿಂದಲೇ ತಲೆಯೆತ್ತಿ, “ಎಲ್ವುಡ್ ಮನೇಲಿ ಅಂಬಲಿ ಆಯ್ತು ನೋಡ್ರೋ” ಎಂದು ನಗುತ್ತಿದ್ದರು. ಅಮ್ಮ ಮಾತ್ರ ಏನೂ ಕೇಳಿಸದವಳ ಹಾಗೆ ಬುಟ್ಟಿ ತೊಳೆಯುತ್ತಾ, ಬೆನ್ನು ತಿರುಗಿಸಿ ನಗುತ್ತಿದ್ದಳು.

ಅಮ್ಮ ಹೋದ ಮೇಲೆ ಕೈ ಬದಲಾಯಿತು. ಹೋದ ವರ್ಷ ಲವೀನಾ ಮಾಡಿದ ಅಂಬಲಿಯನ್ನು ಅಪ್ಪ ಪೂರ್ತಿ ಕುಡಿದು, ಬಾಯೊರೆಸಿಕೊಂಡು, “ಚೆನ್ನಾಗಿದೆ” ಎಂದಿದ್ದ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುವ ಹಾಗೆ.

“ಚಿಕ್ಕಮ್ಮ, ಅಮ್ಮ ಹೇಗ್ಮಾಡ್ತಿದ್ಳು? ನೀನು ನೋಡೇ ಇಲ್ವಾ?”

“ನನ್ನನ್ನೆಲ್ಲಿ ಹತ್ರ ಬಿಟ್ಕೋತಿದ್ಳು ಅವಳು! ‘ನಿನ್ ಬಾಯಿ ಗಾಳಿಗೆ ಹಿಟ್ಟೆಲ್ಲ ಹಾರೋಗುತ್ತೆ’ ಅಂತ ಸೌದೆ ತರೋಕೆ ಅಟ್ಟೋಳು. ಅಂದಹಾಗೆ ನಿನ್ನ ಮೇಲ್‌ಹೊಳೆ ಕೆನ್ನೆಗೆ ಹಿಟ್ಟು ಮೆತ್ತಿದೆ.”

ಎಡ ಬಲ ಅನ್ನದೆ ಹೊಳೆಯಿಂದಲೇ ದಿಕ್ಕು ಹೇಳುವುದು ಅವರ ರೂಢಿ. ಹೊಳೆ ಹರಿದು ಬರುವ ಕಡೆಗಿದ್ದ ಕೆನ್ನೆಯನ್ನು ಒರೆಸಿಕೊಂಡು ಲವೀನಾ ಚಿಟಿಕೆ ಹಿಟ್ಟನ್ನು ನಾಲಿಗೆಗಿಟ್ಟಳು. ಕೊನೆಯಲ್ಲಿ ಎಲ್ಲೋ ಒಂಚೂರು ಕಹಿ. ಹೋದ ವರ್ಷ ಇಷ್ಟೂ ಉಳಿಸಿರಲಿಲ್ಲ. ಮತ್ತೆ ಬಕೆಟ್ ಎತ್ತಿದಳು.

“ಲವೀನಾ! ಕಲ್ಲು ಕಾದ್ವು!” ಬೆಂಕಿಯ ಹತ್ತಿರದಿಂದ ಅಪ್ಪ ಕೂಗಿದ.

“ಒಂದೇ ಬಕೆಟ್ ಅಪ್ಪ!”

“ಅದನ್ನ ಕಲ್ಲಿಗೆ ಹೇಳು ಬಾ!”

ಅಷ್ಟರಲ್ಲಿ ಒಂದು ಕಲ್ಲು ಟಪ್ಪೆಂದು ಸಿಡಿದು ಬೂದಿ ಹಾರಿತು. ಇನ್ನು ತಡ ಮಾಡಿದರೆ ಉಳಿದವೂ ಅದರದೇ ದಾರಿ ಹಿಡಿಯುತ್ತವೆ. ಲವೀನಾ ಬಕೆಟ್ಟನ್ನು ಅಲ್ಲೇ ಕುಕ್ಕಿ, ಹಿಟ್ಟನ್ನು ಬಾಚಿ, ಹನಿಯೂ ಸೋರದಷ್ಟು ಬಿಗಿಯಾಗಿ ಹೆಣೆದ, ನೀರು ತುಂಬಿದ್ದ ಬುಟ್ಟಿಗೆ ಹಾಕಿದಳು. ಅಪ್ಪ ಕಟ್ಟಿಗೆಯ ಇಕ್ಕಳದಲ್ಲಿ ಒಂದೊಂದೇ ಕಲ್ಲೆತ್ತಿ, ಬೂದಿ ಹೋಗಲು ನೀರಿನಲ್ಲದ್ದಿ, ಹಿಟ್ಟಿನೊಳಕ್ಕೆ ಇಳಿಬಿಟ್ಟ. ತಳ ಸುಡದ ಹಾಗೆ ಅವಳು ಮರದ ಹುಟ್ಟಿನಿಂದ ತಿರುವಿದಳು. ಬುಟ್ಟಿ ಗುಳುಗುಳು ಅನ್ನತೊಡಗಿತು.

“ಕೆಟ್ಟೋಯ್ತು ಚಿಕ್ಕಮ್ಮ. ಕಹಿ ಉಳ್ಕೊಂಡಿದೆ. ಈ ಸಲ ‘ಚೆನ್ನಾಗಿದೆ’ಗೂ ಗತಿ ಇಲ್ಲ.”

“ಅಳುಮುಂಜಿ! ಸುಟ್ಟ ಮೀನಿನ ಜೊತೆ ನುಂಗಿದ್ರೆ ಯಾವ್ ಕಹಿ, ಯಾವ್ ಸಿಹಿ? ನೋಡಲ್ಲಿ, ಮೀನು ನುಮಿಯೋ ನುಮಿ!”

ಮೊದಲ ಬಟ್ಟಲು ಅಪ್ಪನಿಗೆ. ಅವನು ಒಂದು ಗುಟುಕು ಕುಡಿದ. ಬಟ್ಟಲು ಕೆಳಗಿಳಿಯಲಿಲ್ಲ. ಇನ್ನೊಂದು ಗುಟುಕು.

“ಅಪ್ಪ, ಸ್ವಲ್ಪ ಕಹಿ ಉಳಿದಿದ್ರೆ...”

ಅಪ್ಪ ಸುಮ್ಮನಿರು ಎಂಬಂತೆ ಕೈಯೆತ್ತಿದ. ಬಾಯಿ ತೆರೆಯಿತು, ತುಟಿ ‘ನೂ’ ಅನ್ನುವಂತೆ ದುಂಡಗಾಯಿತು. ದನಿ ಹೊರಡಲಿಲ್ಲ. ತುಟಿ ಮುಚ್ಚಿ, ಅದುರಿ, ಮತ್ತೆ ತೆರೆಯಿತು.

“ಡೆಲೋರಾ,” ಎಂದ ಅಪ್ಪ.

ಅಮ್ಮನ ಹೆಸರು! ಲವೀನಾ ಹುಟ್ಟು ತಿರುವುವುದನ್ನೇ ಮರೆತಳು. ಅವರ ಜನರಲ್ಲಿ ತೀರಿಕೊಂಡವರ ಹೆಸರನ್ನು ಬಾಯಿಗೆ ತರುವಂತಿಲ್ಲ. ಅದೇ ಮನೆಯ ಇನ್ನೊಂದು ಕೂಸಿಗೆ ಆ ಹೆಸರಿಡುವ ತನಕ ಅದು ಸತ್ತವರದೇ. ಅದನ್ನು ಹೇಳಿದರೆ ತವರಿನವರ ಗಾಯ ಕೆದಕಿದ ಹಾಗೆ. ಸಣ್ಣ ಮಕ್ಕಳೂ ಮಾಡದ ತಪ್ಪು. ಮಣ್ಣು ಮಾಡಿದ ದಿನದಿಂದ ಅಪ್ಪ ‘ಅವಳು’ ಎಂದಷ್ಟೇ ಅಂದವನು. ಆ ತವರಿನಲ್ಲಿ ಈಗ ಉಳಿದಿರುವುದು ಅಮ್ಮನ ತಂಗಿ ಹ್ಯಾಟಿ ಚಿಕ್ಕಮ್ಮ ಒಬ್ಬಳೇ. ಸಿಟ್ಟಾಗುವ ಹಕ್ಕೆಲ್ಲ ಅವಳದು.

“ತಪ್ಪಾಯ್ತು ಹ್ಯಾಟಿ.” ಅಪ್ಪ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. “ಅದೇ ಕಹಿ. ಅವಳೂ ಇಷ್ಟೇ ಉಳಿಸ್ತಿದ್ದಳು. ನುಮಿ ಅನ್ನೋಣ ಅಂತಲೇ ಬಾಯಿ ತೆಗೆದೆ. ಆ ಮಾತು ಸಾಲದೇ ಹೋಯ್ತು.”

ಹ್ಯಾಟಿ ಚಿಕ್ಕಮ್ಮ ಎದ್ದಳು. ಕುರ್ಚಿಯನ್ನು ಮರಳಿನಲ್ಲಿ ದರದರ ಎಳೆದುಕೊಂಡು ಬಂದು ಭಾವನ ಮೊಣಕಾಲಿಗೆ ತಗಲುವಷ್ಟು ಹತ್ತಿರ ಹಾಕಿ ಕೂತಳು. ಹೊಳೆಯಾಚೆಯ ಪಿಸುಮಾತನ್ನೂ ಹೆಕ್ಕುವ ಹೆಂಗಸು, ಕಿವಿಯ ಹಿಂದೆ ಅಂಗೈ ಅಡ್ಡ ಹಿಡಿದಳು.

“ಹೆಸರು ಕೇಳಿಸ್ಲಿಲ್ಲ ಭಾವ. ಇನ್ನೊಂದ್ಸಲ ಹೇಳಿ.”