ಯಾವ ಪರೀಕ್ಷೆ ಬೇಕು?

"ಮಿಸ್, ಟಿಕ್ ಹಾಕೋ ಪ್ರಶ್ನೇನೇ ಕೊಡಿ, ಪ್ಲೀಸ್!"

ಸುರೇಶನ ರಾಗ ಕೇಳಿ ಗಗನಾಗೆ ಮೈ ಉರಿಯಿತು. ಎರಡು ಸಾವಿರದ ಎರಡನೆಯ ಇಸವಿ. ಟಿ. ನಗರದಲ್ಲಿ, ತಮಿಳರ ನಡುವೆ ಇದ್ದ ಆ ಕನ್ನಡ ಶಾಲೆಗೆ ಕಂಪ್ಯೂಟರ್ ಬಂದದ್ದು ಆಗಷ್ಟೇ. ಅದನ್ನು ಕಲಿಸಲು ಗಗನಾ ಬಂದದ್ದೂ ಆಗಲೇ. ಇವತ್ತು ಪಾಸಾದವರು ಮೇಲಕ್ಕೆ, ಉಳಿದವರು ಇನ್ನೊಂದು ವರ್ಷ ಇದ್ದಲ್ಲೇ. ಪ್ರಶ್ನೆ ಹೇಗಿರಬೇಕೆಂಬುದನ್ನು ಆಡಳಿತದವರು ಅವಳಿಗೇ ಬಿಟ್ಟಿದ್ದರು. ಸುದ್ದಿ ತಿಳಿದದ್ದೇ ತಡ, ಪರೀಕ್ಷೆಗೆ ಕೂರಬೇಕಾದ ಮೂವರೂ ಬೆಲ್ಲ ಕಂಡ ಇರುವೆಗಳಂತೆ ಮುತ್ತಿಕೊಂಡಿದ್ದರು.

ಸುರೇಶ ಶುದ್ಧ ಸೋಮಾರಿ. ನಾಲ್ಕು ಉತ್ತರ ಎದುರಿಗಿಟ್ಟರೆ ಕಣ್ಣು ಮುಚ್ಚಿ ಒಂದಕ್ಕೆ ಗುರುತು ಹಾಕುತ್ತಾನೆ. ತಪ್ಪಾದರೆ ಹಣೆಬರಹ.

"ಟಿಕ್ ಬೇಡ ಮಿಸ್, ಪ್ರಬಂಧ ಕೇಳಿ," ಎಂದಳು ಲಕ್ಷ್ಮೀ. "ಕಂಪ್ಯೂಟರಿನ ಮಹತ್ವ ಅಂತ ಎಷ್ಟು ಪುಟ ಬೇಕಾದ್ರೂ ಬರೀತೀನಿ."

ಬರೆಯುತ್ತಾಳೆ, ಯಂತ್ರವನ್ನು ಮುಟ್ಟದೆಯೇ ಬರೆಯುತ್ತಾಳೆ. ಒಂದು ಲೋಟ ಮಜ್ಜಿಗೆಗೆ ಒಂದು ಕೊಡ ನೀರು ಬೆರೆಸುವ ಕೈ ಅದು.

ಶ್ರೀನಿವಾಸ ಬೆರಳಿಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಹತ್ತಿರ ಸರಿದ. "ಬಾಯಲ್ಲೇ ಕೇಳಿಬಿಡಿ ಮಿಸ್. ನೀವು ಹೇಳಿಕೊಟ್ಟದ್ದು ಯಾರಿಗಾದ್ರೂ ಮರೆಯುತ್ತಾ?"

ಬೆಣ್ಣೆ! ಬಾಯಿಪರೀಕ್ಷೆ ಬೇಡುವವನು ಉತ್ತರ ಹುಡುಕುವುದು ಕೇಳುವವರ ಮುಖದಲ್ಲಿ.

"ಮೂರೂ ಇಲ್ಲ," ಎಂದಳು ಗಗನಾ. "ಕೂತು ಒಂದು ರಜಾ ಅರ್ಜಿ ಟೈಪ್ ಮಾಡಿ."

"ಅಯ್ಯಯ್ಯೋ, ಸುಮ್ಮಾ ತಮಾಷೆಗೆ ಹೇಳ್ತಿದೀರಾ ಮಿಸ್?" ಎಂದ ಸುರೇಶ.

"ರಜಾ ಕೇಳೋದು ನಿಮಗೆಲ್ಲ ಚೆನ್ನಾಗಿ ಬರುತ್ತಲ್ಲ!"

ಸುರೇಶ ಸಿಕ್ಕ ಸಿಕ್ಕ ಗುಂಡಿ ಒತ್ತಿ ಪರದೆಯನ್ನು ಕಪ್ಪಾಗಿಸಿ ಕೈಕಟ್ಟಿ ಕೂತ. ಲಕ್ಷ್ಮೀ ತನ್ನ ಹೆಸರು, ವಿಳಾಸ, ಮಾನ್ಯರೇ ಎಂಬಷ್ಟರಲ್ಲೇ ಅರ್ಧ ಗಂಟೆ ಕಳೆದಳು. ಶ್ರೀನಿವಾಸ ಪಕ್ಕಕ್ಕೆ ಕತ್ತು ಚಾಚಿ ಅವಳದನ್ನೆಲ್ಲ ಇಳಿಸಿಕೊಂಡ. ಅವಳ ಹೆಸರನ್ನೂ ಬಿಡಲಿಲ್ಲ.

"ಮೂವರೂ ಫೇಲ್."

"ಮನೇಲಿ ಹೇಗೆ ಮುಖ ತೋರಿಸಲಿ ಮಿಸ್?" ಸುರೇಶ ಅಂಗಲಾಚಿದ.

ಗಗನಾಗೆ ಒಂದು ಕ್ಷಣ ಪಾಪ ಎನಿಸಿತು. "ನಾಳೆಯಿಂದ ಸಂಜೆ ಬನ್ನಿ, ಕಲಿಸ್ತೀನಿ. ಅಂಕ ಮಾತ್ರ ಕೇಳಬೇಡಿ."

ಗಂಟೆ ಹೊಡೆಯಿತು. ಮೂವರೂ ಮುಖ ಒರೆಸಿಕೊಂಡರು, ಬಾಗಿಲ ಮೂಲೆಗೆ ಒರಗಿಸಿದ್ದ ತಮ್ಮ ತಮ್ಮ ಬೆತ್ತ ಎತ್ತಿಕೊಂಡರು, ಹತ್ತನೆಯ ತರಗತಿಯ ಮೂರು ವಿಭಾಗಗಳ ಮಕ್ಕಳಿಗೆ ಪಾಠ ಹೇಳಲು ಗಂಭೀರವಾಗಿ ಹೊರಟರು.

ಕೆಲವೇ ವರ್ಷಗಳ ಹಿಂದೆ ಅದೇ ತರಗತಿಯಲ್ಲಿ ಗಗನಾಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರೂ ಈ ಮೂವರೇ.