ಹೇಡಿಸ್‌ನ ಮೆಟ್ಟಿಲು

ಅಷ್ಟು ಮೆಟ್ಟಿಲು ಹತ್ತುವಷ್ಟು ಹೊತ್ತು ತೀರಿಹೋದ ಅಕ್ಕನ ಹತ್ತಿರ ಏನು ಮಾತಾಡುವುದಪ್ಪಾ ಎಂದು ಮೇದಿನಿ ಒಳಗೊಳಗೇ ಒದ್ದಾಡಿದಳು. ಗ್ರೀಕರ ಯಮ ಹೇಡಿಸ್‌ನ ಪಾತಾಳದಿಂದ ಸತ್ತವರನ್ನು ಕರೆತರಲು ಮನೆಗೊಬ್ಬರು ಇಳಿಯುವುದು ವಾಡಿಕೆ. ದಾರಿಯಲ್ಲಿ ಕರೆತರುವವರು ಹಿಂತಿರುಗಿ ನೋಡಿದರೆ ಸತ್ತವರು ಮತ್ತೆಂದೂ ಬರುವುದಿಲ್ಲ. ಅದಕ್ಕೇ ಅಮ್ಮ ಅವಳ ಕುತ್ತಿಗೆಗೆ ಮೆಡಿಕಲ್ ಶಾಪಿನ ಬೆಲ್ಟ್ ಬಿಗಿದು ಕಳಿಸಿದ್ದಳು.

"ಎತ್ತಿಗೆ ನೊಗ ಹೂಡಿದ ಹಾಗೆ ಕಳಿಸಿದಾಳಲ್ಲೇ ಅಮ್ಮ," ಬೆನ್ನ ಹಿಂದಿನಿಂದ ಅಕ್ಕ ನಗುತ್ತಲೇ ಕೆಮ್ಮಿದಳು.

ಮೇಲೇರಿದಂತೆಲ್ಲ ಸತ್ತವರಿಗೆ ದೇಹದ ಜೊತೆ ಹಳೆಯ ಕಾಯಿಲೆಯೂ ಮರಳುತ್ತಿತ್ತು.

"ಎದೆ ಮತ್ತೆ ಹಿಂಡ್ತಿದೆ ಕಣೇ. ಕೆಳಗೆ ನೋವೇ ಇರ್ಲಿಲ್ಲ. ಒಂದ್ಸಲ ತಿರುಗಿ ನೋಡೇ, ಪುಟ್ಟಿ."

ಮೇದಿನಿ ಕೇಳಿಸದವಳಂತೆ ಇನ್ನೊಂದು ಮೆಟ್ಟಿಲು ಹತ್ತಿದಳು. ಹಿಂದೆ ಅಕ್ಕನ ಏದುಸಿರು ನರಳಾಟವಾಯಿತು.

"ನಿಂಗೆಷ್ಟೇ ನೋವಾದ್ರೂ ನೀನು ನಂಗೆ ಬೇಕು, ಅಕ್ಕ," ಎಂದಳು, ತಿರುಗದೆ.