ಎಡಗೈ ಎಸೆತ

ಸ್ತನ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಶಕೀಲಾಳ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆದರೂ ಮೂರೇ ತಿಂಗಳಿಗೆ, ಕೂದಲುದುರಿದ ತಲೆಗೆ ಬಟ್ಟೆ ಕಟ್ಟಿಕೊಂಡು ಬಡಾವಣೆಯ ಥ್ರೋಬಾಲ್ ಕೋರ್ಟಿಗೆ ಬಂದು ಎಡಗೈಯಲ್ಲಿ ಎಸೆಯತೊಡಗಿದಳು. ಚೆಂಡು ನೆಟ್ಟಿಗೆ ಬಡಿದು ಬಿದ್ದರೂ ತಂಡದ ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬಳು ಗಂಜಿ ತರುವಳು, ಇನ್ನೊಬ್ಬಳು ಸ್ಕೂಟರಿನಲ್ಲಿ ಮನೆಗೆ ಬಿಡುವಳು.

ಪ್ರಮೀಳಾಳಿಗೆ ಹೊಟ್ಟೆಯುರಿ. ಹನ್ನೆರಡು ವರ್ಷದಿಂದ ತಂಡದಲ್ಲಿ ಅವಳಷ್ಟು ಬಿರುಸಾಗಿ ಎಸೆಯುವವರಿರಲಿಲ್ಲ. ಆದರೂ ಯಾರೂ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟವರಲ್ಲ. ಅದಿರಲಿ, ಕಾಯಿಲೆಯ ಹೆಸರನ್ನು ಅಷ್ಟು ಸಲೀಸಾಗಿ ಹೇಳಿಕೊಂಡು ನಗುವ ಶಕೀಲಾಳನ್ನು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು.

ಒಂದು ಸಂಜೆ ಪ್ರಮೀಳಾಳೂ ಎಡಗೈಯಲ್ಲಿ ಎಸೆದಳು. ಚೆಂಡು ಗೆರೆಯಾಚೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವಾರವಿಡೀ ಅದೇ ನಡೆಯಿತು.

“ಅವಳ ಥರ ಮಾಡಿದ್ರೆ ನಿಂಗೂ ಗಂಜಿ ತರ್ತೀವಿ ಅನ್ಕೊಂಡ್ಯಾ?” ಎಂದು ಕ್ಯಾಪ್ಟನ್ ಸಿಡುಕಿದಳು. “ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?”

ಪ್ರಮೀಳಾ ಹೋಗಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಶಕೀಲಾ ಹಿಂದೆಯೇ ಬಂದಳು.

“ನನ್ನ ಮೇಲೆ ಯಾಕಿಷ್ಟು ಕೋಪ ನಿಂಗೆ?”

“ಕೋಪ ಅಲ್ಲ ಕಣೆ, ಹೊಟ್ಟೆಕಿಚ್ಚೇ,” ಎಂದಳು ಪ್ರಮೀಳಾ. “ನಿಂಗಿರೋ ಧೈರ್ಯ ನಂಗಿಲ್ಲ.”

ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಶಕೀಲಾಳ ಕೈಹಿಡಿದು ತನ್ನ ಬಲಗಡೆಯ ಕಂಕುಳಿಗೆ ಒತ್ತಿಕೊಂಡಳು.

“ನಿಂಗೂ ಗಂಟು ಮೊದಲು ಹೀಗೇ ಇತ್ತಾ?”